ಶಾಸಕರೊಬ್ಬರು ಎಷ್ಟು ಸಲ ಗೆದ್ದರು, ಎಷ್ಟು ಮತದಿಂದ ಗೆದ್ದರು ಎಂಬ ಲೆಕ್ಕ ಸರಿಯಾಗಿ ಸಿಗುವುದು ಎಲ್ಲಿ?

ಶಾಲೆಯ ಶತಮಾನೋತ್ಸವ ಸಂಚಿಕೆಗೆ, ಅಲ್ಲೇ ಕಲಿತ ಮಾಜಿ ಶಾಸಕರೊಬ್ಬರ ಪರಿಚಯ ಬರೆಯಬೇಕು, ಒಬ್ಬರು ನಾಲ್ಕು ಸಲ ಗೆದ್ದವರು ಎನ್ನುತ್ತಾರೆ, ಇನ್ನೊಬ್ಬರು ಐದು ಎನ್ನುತ್ತಾರೆ, ಯಾರನ್ನು ನಂಬುವುದು ಎಂದು ಕೇಳಿದ್ದೀರಿ. ಇಬ್ಬರನ್ನೂ ನಂಬಬೇಡಿ ಮಾರಾಯ್ರೆ. ಅಭಿಮಾನಿಗಳ ಬ್ಯಾನರಿನಲ್ಲಿರುವ ಸಂಖ್ಯೆಯನ್ನಂತೂ ಮುಟ್ಟಲೇಬೇಡಿ.

ಮೊದಲು ಒಂದು ಹಾಳೆಯಲ್ಲಿ ಇಸವಿಗಳನ್ನು ಬರೆದುಕೊಳ್ಳಿ: 1957, 1962, 1967, 1972, 1978, 1983, 1985, 1989, 1994, 1999, 2004, 2008, 2013, 2018, 2023. ಪ್ರತಿ ಇಸವಿಯ ಎದುರು ಕ್ಷೇತ್ರ, ಪಕ್ಷ, ಪಡೆದ ಮತ, ಹತ್ತಿರದ ಎದುರಾಳಿಯ ಮತ, ಅಂತರ. ಸ್ಪರ್ಧಿಸದ ವರ್ಷಕ್ಕೆ ಒಂದು ಗೆರೆ ಹಾಕಿ. ಸೋತ ವರ್ಷವನ್ನು ಮಾತ್ರ ಬಿಡಬೇಡಿ, ಹೆಚ್ಚಿನ ಪರಿಚಯ ಲೇಖನಗಳು ಸುಳ್ಳಾಗುವುದು ಅಲ್ಲಿಯೇ. ಬಂಟ್ವಾಳದ ರಮಾನಾಥ ರೈ ಆರು ಸಲ ಶಾಸಕರಾದವರು. ಆದರೆ 1985ರಿಂದ 2023ರವರೆಗೆ ಅವರು ಕಣಕ್ಕಿಳಿದದ್ದು ಒಂಬತ್ತು ಸಲ. 2004, 2018 ಮತ್ತು 2023ರಲ್ಲಿ ಸೋತರು. "ಸತತ ಆರು ಸಲ" ಎಂದು ಬರೆದರೆ ಅದು ತಪ್ಪು, ಏಕೆಂದರೆ ನಡುವೆ 2004 ಇದೆ.

ಅಂಕಿಗಳಿಗೆ ಮೂಲವೆಂದರೆ ಚುನಾವಣಾ ಆಯೋಗದ ಜಾಲತಾಣದಲ್ಲಿರುವ ಸ್ಟ್ಯಾಟಿಸ್ಟಿಕಲ್ ರಿಪೋರ್ಟ್‌ಗಳು. ಪ್ರತಿ ವಿಧಾನಸಭಾ ಚುನಾವಣೆಗೆ ಒಂದೊಂದು ಇದೆ, ದುಡ್ಡು ಕೊಡಬೇಕಾಗಿಲ್ಲ. ಹುಡುಕುವಾಗ ಒಂದು ನೆನಪಿಡಿ, ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಹಾಗಾಗಿ 1972ರಲ್ಲಿ ಕಾರ್ಕಳದಿಂದ ಗೆದ್ದ ವೀರಪ್ಪ ಮೊಯ್ಲಿ ಅವರ ಫಲಿತಾಂಶ ಬೇಕಾದರೆ "ಮೈಸೂರು" ರಾಜ್ಯದ ವರದಿ ತೆರೆಯಬೇಕು. 1952ರದ್ದು ಇನ್ನೂ ಆಚೆ. ಆಗ ನಾವು ದಕ್ಷಿಣ ಕನ್ನಡದವರು ಮದ್ರಾಸ್ ರಾಜ್ಯಕ್ಕೆ ಸೇರಿದ್ದೆವು, ಆ ವರ್ಷದ ಫಲಿತಾಂಶ ಮದ್ರಾಸ್ ವರದಿಯಲ್ಲಿದೆ. ಉಡುಪಿ ಜಿಲ್ಲೆ ಆದದ್ದು 1997ರ ಆಗಸ್ಟ್‌ನಲ್ಲಿ. 1994ರ ಗೆಲುವನ್ನು "ಉಡುಪಿ ಜಿಲ್ಲೆಯ ಶಾಸಕ" ಎಂದು ಬರೆದರೆ ಓದುವ ಹಿರಿಯರು ಅಲ್ಲಿಯೇ ಪೆನ್ಸಿಲ್ ಗುರುತು ಹಾಕುತ್ತಾರೆ.

ನಮ್ಮ ಕರಾವಳಿಯಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು 2008ರ ಕ್ಷೇತ್ರ ಪುನರ್ವಿಂಗಡಣೆ. ಬ್ರಹ್ಮಾವರ ಮತ್ತು ವಿಟ್ಲ ಕ್ಷೇತ್ರಗಳು ಇಲ್ಲವಾದವು. ಸುರತ್ಕಲ್ ಹೋಗಿ ಮಂಗಳೂರು ನಗರ ಉತ್ತರ ಬಂತು. ಇದನ್ನಾದರೂ ನೆನಪಿಟ್ಟುಕೊಳ್ಳಬಹುದು. ಕಾಲು ಜಾರುವುದು "ಮಂಗಳೂರು" ಎಂಬ ಹೆಸರಿನಲ್ಲಿ. 2004ರವರೆಗೆ ಮಂಗಳೂರು ಕ್ಷೇತ್ರ ಎಂದರೆ ನಗರದ ನಡುಭಾಗ, ಎನ್. ಯೋಗೀಶ ಭಟ್ ಗೆದ್ದದ್ದು. 2008ರಲ್ಲಿ ಆ ಭಾಗಕ್ಕೆ ಮಂಗಳೂರು ನಗರ ದಕ್ಷಿಣ ಎಂಬ ಹೆಸರು ಬಂತು, ಹಳೆಯ ಉಳ್ಳಾಲ ಕ್ಷೇತ್ರ "ಮಂಗಳೂರು" ಆಯಿತು. ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು ಹೆಸರು ಮಾತ್ರ ನೋಡಿದರೆ, 2004ರಲ್ಲಿ ಮಂಗಳೂರಿನಿಂದ ಯೋಗೀಶ ಭಟ್, 2008ರಲ್ಲಿ ಮಂಗಳೂರಿನಿಂದ ಯು.ಟಿ. ಖಾದರ್. ಖಾದರ್ ಭಟ್ಟರ ಸೀಟು ಕಿತ್ತುಕೊಂಡರು ಎಂದೇ ಕಾಣುತ್ತದೆ. ನಿಜವಾಗಿ ಅವರಿಬ್ಬರೂ ಎದುರುಬದುರಾಗಲೇ ಇಲ್ಲ; 2008ರಲ್ಲಿ ಭಟ್ಟರು ನಗರ ದಕ್ಷಿಣದಿಂದ ಗೆದ್ದಿದ್ದರು.

ನಾಲ್ಕೋ ಐದೋ ಎಂಬ ನಿಮ್ಮ ಪ್ರಶ್ನೆಗೂ ಖಾದರ್ ಅವರದ್ದೇ ಒಳ್ಳೆಯ ಉದಾಹರಣೆ. 2008, 2013, 2018, 2023ರ ವರದಿ ನೋಡಿದವರು ನಾಲ್ಕು ಎನ್ನುತ್ತಾರೆ. ಆದರೆ ತಂದೆ ಯು.ಟಿ. ಫರೀದ್ ತೀರಿಕೊಂಡ ಮೇಲೆ 2007ರಲ್ಲಿ ಉಳ್ಳಾಲದಲ್ಲಿ ನಡೆದ ಉಪಚುನಾವಣೆಯಲ್ಲೇ ಅವರು ಮೊದಲು ಗೆದ್ದದ್ದು. ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆ ಇರುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಹುಡುಕಬೇಕು. ನಿಮ್ಮವರ ಲೆಕ್ಕದಲ್ಲೂ ಒಂದು ವ್ಯತ್ಯಾಸ ಬರುತ್ತಿದ್ದರೆ ಮೊದಲ ಅನುಮಾನ ಉಪಚುನಾವಣೆಯ ಮೇಲಿರಲಿ. ಎರಡನೆಯದು ವಿಧಾನ ಪರಿಷತ್ತು. ಸ್ಥಳೀಯ ಸಂಸ್ಥೆಗಳಿಂದ ಪರಿಷತ್ತಿಗೆ ಹೋದ ಅವಧಿಯನ್ನೂ ಜನ "ಶಾಸಕರಾಗಿದ್ದರು" ಎಂದು ಸೇರಿಸಿ ಎಣಿಸುತ್ತಾರೆ. ಕುಂದಾಪುರದ ಪ್ರತಾಪಚಂದ್ರ ಶೆಟ್ಟಿಯವರ ಹಾಗೆ ಎರಡೂ ಸದನ ಕಂಡವರಿಗೆ ಎರಡು ಪಟ್ಟಿ ಬೇರೆ ಬೇರೆ ಮಾಡಿ.

ಪಕ್ಷದ ಕಾಲಮ್ಮನ್ನು ಊಹೆಯಿಂದ ತುಂಬಿಸಬೇಡಿ. ಹಾಲಾಡಿ ಶ್ರೀನಿವಾಸ ಶೆಟ್ಟರು ಕುಂದಾಪುರದಿಂದ 1999ರಿಂದ 2018ರವರೆಗೆ ಐದು ಸಲ ಗೆದ್ದರು. ನಾಲ್ಕು ಸಲ ಬಿಜೆಪಿ, 2013ರಲ್ಲಿ ಮಾತ್ರ ಪಕ್ಷೇತರ. ಬ್ರಹ್ಮಾವರದ ಜಯಪ್ರಕಾಶ ಹೆಗ್ಡೆ 1994ರಲ್ಲಿ ಜನತಾದಳ, ಮುಂದಿನ ಎರಡೂ ಸಲ ಪಕ್ಷೇತರ. ಬೆಳ್ತಂಗಡಿಯ ವಸಂತ ಬಂಗೇರರ ಐದು ಗೆಲುವು ಮೂರು ಪಕ್ಷಗಳಿಗೆ ಹಂಚಿಹೋಗಿದೆ. 1978ರ ವರದಿಯಲ್ಲಿ ಕಾಂಗ್ರೆಸ್ಸೇ ಎರಡು, ಇಂದಿರಾ ಕಾಂಗ್ರೆಸ್ಸಿನ ಸಂಕೇತದಲ್ಲಿ ಆವರಣದೊಳಗೆ "ಐ" ಇರುತ್ತದೆ, ಅದನ್ನು ನೋಡಿಕೊಳ್ಳಿ. ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ, ಕಾಗುಣಿತ ವರ್ಷಕ್ಕೊಂದು ಥರ. ಶೆಟ್ಟಿ, ಪೂಜಾರಿ ಎಂದು ಹುಡುಕಿದರೆ ಅರ್ಧ ಜಿಲ್ಲೆ ಬರುತ್ತದೆ. ಕ್ಷೇತ್ರ ಹಿಡಿದು ಹುಡುಕುವುದೇ ಕ್ಷೇಮ.

ಮತಗಳ ಸಂಖ್ಯೆ ಪತ್ರಿಕೆಯಲ್ಲಿ ಒಂದು, ವರದಿಯಲ್ಲಿ ಒಂದು ಇದ್ದರೆ ಫಾರ್ಮ್ 20 ನೋಡಿ. ಅದು ಅಂತಿಮ ಫಲಿತಾಂಶದ ಪಟ್ಟಿ. ಮತಗಟ್ಟೆಗೆ ಒಂದು ಸಾಲು, ಅಭ್ಯರ್ಥಿಗೆ ಒಂದು ಕಾಲಮ್. ಈಚಿನ ಚುನಾವಣೆಗಳದ್ದು ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿದೆ. ಕೊನೆಯ ಪುಟದಲ್ಲಿ ಮೂರು ಮೊತ್ತಗಳಿವೆ: ಇವಿಎಂ ಮತ, ಅಂಚೆ ಮತ, ಒಟ್ಟು. ಅವಸರದಲ್ಲಿ ಇವಿಎಂ ಸಾಲನ್ನೇ ಒಟ್ಟು ಎಂದು ತೆಗೆದುಕೊಳ್ಳುವವರು ಬಹಳ. ಅಂತರವನ್ನು ನೀವೇ ಕಳೆದು ನೋಡಿ. 2023ರಲ್ಲಿ ಕಾರ್ಕಳದಲ್ಲಿ ಸುನಿಲ್ ಕುಮಾರ್ 77,028, ಉದಯ ಕುಮಾರ್ ಶೆಟ್ಟಿ 72,426, ಅಂತರ 4,602. ಹೀಗೆ ಕಳೆದಾಗ ಸರಿಬಾರದಿದ್ದರೆ ಎರಡರಲ್ಲಿ ಒಂದು ಅಂಕಿ ಬೇರೆ ಸುತ್ತಿನದ್ದು ಅಂತ ತಿಳಿಯಿರಿ.

ಠೇವಣಿ ಹೋಯಿತು ಎಂದು ಬರೆಯುವ ಮುಂಚೆ ಲೆಕ್ಕ ಹಾಕಿ. ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದಿರಬೇಕು. 1,50,000 ಸಿಂಧು ಮತ ಇದ್ದರೆ 25,000 ಸಾಲದು, 25,001 ಬೇಕು. ನೋಟಾ ಮತಗಳನ್ನು ಈ ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ. ನೋಟಾ ಬಂದದ್ದೇ 2013ರ ಕೊನೆಗೆ, ನಮ್ಮಲ್ಲಿ ಆ ವರ್ಷ ಮತದಾನ ಮೇಯಲ್ಲೇ ಮುಗಿದಿತ್ತು. ಹಾಗಾಗಿ 2018ಕ್ಕಿಂತ ಹಿಂದಿನ ಪಟ್ಟಿಗಳಲ್ಲಿ ಅದನ್ನು ಹುಡುಕಬೇಡಿ. ಠೇವಣಿಯ ಮೊತ್ತವೂ ಬದಲಾಗಿದೆ: 1994ರವರೆಗೆ 250 ರೂಪಾಯಿ, 1999ರಿಂದ 2008ರವರೆಗೆ 5,000, 2013ರಿಂದ 10,000. ಪರಿಶಿಷ್ಟ ಜಾತಿ, ಪಂಗಡದ ಅಭ್ಯರ್ಥಿಗಳಿಗೆ ಇದರ ಅರ್ಧ.

ವಿದ್ಯಾಭ್ಯಾಸ, ವಯಸ್ಸು, ಕಸುಬು ಇತ್ಯಾದಿಗೆ ನಾಮಪತ್ರದ ಜೊತೆ ಕೊಡುವ ಅಫಿಡವಿಟ್ ಇದೆ, 2004ರಿಂದ ಈಚೆಗೆ. ಒಬ್ಬರು ನಾಲ್ಕು ಪ್ರತಿ ನಾಮಪತ್ರದವರೆಗೆ ಹಾಕಬಹುದಾದ್ದರಿಂದ ಒಂದೇ ಹೆಸರಿಗೆ ಹಲವು ಅಫಿಡವಿಟ್ ಕಂಡರೆ ಗಾಬರಿ ಬೇಡ. ಆಸ್ತಿ ಇಷ್ಟು ಪಟ್ಟು ಏರಿತು ಎಂಬ ವಾಕ್ಯವನ್ನು ಸಂಚಿಕೆಯಲ್ಲಿ ಹಾಕದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದೇ ಪಿತ್ರಾರ್ಜಿತ ತೋಟಕ್ಕೆ ಐದು ವರ್ಷದ ನಂತರ ಹೊಸ ಮಾರುಕಟ್ಟೆ ದರ ಬರೆದರೂ ಆಸ್ತಿ ಏರಿದ ಹಾಗೆ ಕಾಣುತ್ತದೆ.

ಜಾಲತಾಣದಲ್ಲಿ ಇಲ್ಲದ ಕಾಗದಕ್ಕೆ ಜಿಲ್ಲಾಧಿಕಾರಿ ಕಚೇರಿಯ ಚುನಾವಣಾ ಶಾಖೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ; ಉಡುಪಿಯವರಾದರೆ ಮಣಿಪಾಲದ ರಜತಾದ್ರಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಇವರ ಎಲ್ಲ ಚುನಾವಣೆಗಳ ವಿವರ ಕೊಡಿ" ಎಂದರೆ ವಾಪಸು ಬರುವ ಸಾಧ್ಯತೆಯೇ ಹೆಚ್ಚು. ಇಂಥ ಇಸವಿಯ, ಇಂಥ ಕ್ಷೇತ್ರದ ಫಾರ್ಮ್ 20ರ ದೃಢೀಕೃತ ಪ್ರತಿ ಎಂದು ಕೇಳಿ, ಒಂದೊಂದು ಚುನಾವಣೆಗೆ ಒಂದೊಂದು ಅರ್ಜಿ. ಸಂಚಿಕೆ ಅಚ್ಚಿಗೆ ಹೋಗುವ ದಿನಕ್ಕಿಂತ ಎರಡು ತಿಂಗಳು ಮೊದಲೇ ಹಾಕಿಬಿಡಿ.