ಸೆನ್‌ಹೈಸರ್ ಎಚ್‌ಡಿ 650, ಶ್ಯೂರ್ ಎಸ್‌ಇ846 ಎರಡಕ್ಕೂ ಆಗುವ ಅತಿ ಪವರ್‌ಫುಲ್ ಪೋರ್ಟಬಲ್ ಆಂಪ್ ಯಾವುದು?

ಪವರ್ ಜಾಸ್ತಿ ಇರುವ ಒಂದು ಆಂಪ್ (ಆಂಪ್ಲಿಫೈಯರ್) ತೆಗೆದುಕೊಂಡರೆ 300 ಓಮ್‌ನ ಎಚ್‌ಡಿ 650 ಹೆಡ್‌ಫೋನೂ ಓಡುತ್ತದೆ, ಎಸ್‌ಇ846ನಂಥ ಪುಟ್ಟ ಇಯರ್‌ಫೋನೂ ಓಡುತ್ತದೆ, ಒಂದೇ ಖರ್ಚಿನಲ್ಲಿ ಮುಗಿಯುತ್ತದೆ ಎಂದು ಬರೆದಿದ್ದೀರಿ. ನಾನೂ ಹಿಂದೆ ಇದೇ ಲೆಕ್ಕ ಹಾಕಿದ್ದೆ. ಆ ಲೆಕ್ಕದಿಂದಾಗಿ ನನ್ನ ಹತ್ತಿರ ಇದ್ದ ಅತ್ಯುತ್ತಮ ಇಯರ್‌ಫೋನ್ ಕೈತಪ್ಪಿ ಹೋಯಿತು.

ನನ್ನದು ನಾಲ್ಕು ಬ್ಯಾಲೆನ್ಸ್ಡ್ ಆರ್ಮೇಚರ್ ಇದ್ದ ಇಯರ್‌ಫೋನ್. ಅಂದರೆ ಒಂದೊಂದು ಕಿವಿಗೂ ನಾಲ್ಕು ಪುಟ್ಟ ಡ್ರೈವರ್, ಯಾವ ಸ್ವರ ಯಾವುದಕ್ಕೆ ಹೋಗಬೇಕು ಎಂದು ಹಂಚುವ ಒಂದು ಕ್ರಾಸೋವರ್. ಬೆಂಗಳೂರಲ್ಲಿ ಕೆಲಸಕ್ಕೆ ಹೋಗಿ ಬರುವಾಗ ಮೆಟ್ರೊದಲ್ಲಿ ಅದೇ ಕಿವಿಯಲ್ಲಿ ಇರುತ್ತಿತ್ತು. ಕೇಳುತ್ತಿದ್ದುದು ಹೆಚ್ಚಾಗಿ ವೀಣೆ, ಕೊಳಲು, ಹಳೆಯ ಕಛೇರಿಗಳ ರೆಕಾರ್ಡಿಂಗ್. ಫೋನಿನ ಜ್ಯಾಕ್‌ಗೆ ಸಿಕ್ಕಿಸಿ ಕೇಳುವಾಗ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಆದರೂ ಎಲ್ಲಿ ಓದಿದರೂ ಒಳ್ಳೆಯ ಇಯರ್‌ಫೋನ್‌ಗೆ ಒಳ್ಳೆಯ ಆಂಪ್ ಬೇಕೇ ಬೇಕು ಎನ್ನುತ್ತಿದ್ದರು. ಡಬ್ಬಿಯ ಮೇಲೆ ಮಿಲಿವ್ಯಾಟ್ ಸಂಖ್ಯೆ ಯಾವುದರದ್ದು ದೊಡ್ಡದೋ ಅದನ್ನೇ ತರಿಸಿದೆ.

ಶುರುವಿನಲ್ಲಿ ಖುಷಿಯೇ ಆಯಿತು. ಗುಂಡಿ ಸ್ವಲ್ಪ ತಿರುಗಿಸಿದರೆ ಸಾಕು, ಕಿವಿ ತುಂಬುತ್ತಿತ್ತು. ಜೋರಾಗಿ ಕೇಳಿಸಿದ್ದೆಲ್ಲ ಮೊದಲಿಗೆ ಚೆನ್ನಾಗಿಯೇ ಕೇಳಿಸುತ್ತದೆ. ಆಮೇಲೆ ಒಂದೊಂದೇ ಗೊತ್ತಾಗತೊಡಗಿತು. ತಂಬೂರಿಯ ಮೇಲುಗಡೆಯ ಝೇಂಕಾರ ಮಾಯವಾಗಿತ್ತು. ಮೃದಂಗದ ಬಲಗಡೆಯ ಚಾಪು ಮಂಕಾಗಿತ್ತು, ಎಡಗೈಯ ಗುಮ್ಕಿ ಮಾತ್ರ ಊದಿಕೊಂಡಿತ್ತು. ಹಾಡು ನಿಂತಾಗ ಹಿಂದೆ 'ಸ್‌ಸ್‌ಸ್' ಎಂಬ ಸದ್ದು.

ಈಗ ತಪ್ಪು ಎಲ್ಲಾಯಿತು ಎಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ದಾರಿಯಲ್ಲಿದ್ದೀರಿ. ಆಂಪ್ ಸರಿ ಇದೆಯೋ ಇಲ್ಲವೋ ನೋಡೋಣ ಎಂದು ಅದನ್ನು ಜಯನಗರದಲ್ಲಿರುವ ಗೆಳೆಯನ ಮನೆಗೆ ತೆಗೆದುಕೊಂಡು ಹೋದೆ. ಅವನ ಹತ್ತಿರ ಇದ್ದುದು ನಿಮ್ಮದೇ ಎಚ್‌ಡಿ 650. ಅದಕ್ಕೆ ಹಾಕಿದರೆ ಅದ್ಭುತ! ತಂಬೂರಿ ಪೂರ್ತಿ ಇದೆ, ಚಾಪು ಗರಿಗರಿಯಾಗಿದೆ, ಹಿಂದಿನ ಸದ್ದು ಕೇಳಿಸುವುದೇ ಇಲ್ಲ. ಹಾಗಾದರೆ ಆಂಪ್ ಒಳ್ಳೆಯದು, ಇಯರ್‌ಫೋನಿನ ಯೋಗ್ಯತೆಯೇ ಅಷ್ಟು ಎಂದು ತೀರ್ಮಾನ ಮಾಡಿದೆ. ಅರ್ಧಕ್ಕಿಂತ ಕಡಿಮೆ ಬೆಲೆಗೆ ಅದನ್ನು ಒಬ್ಬ ಸಂಗೀತದ ವಿದ್ಯಾರ್ಥಿಗೆ ಮಾರಿಬಿಟ್ಟೆ. ಎಷ್ಟೋ ದಿನದ ಮೇಲೆ ಗಾಯನ ಸಮಾಜದ ಕಛೇರಿಯೊಂದರಲ್ಲಿ ಆ ಹುಡುಗ ಸಿಕ್ಕಿದ. 'ಸರ್, ಇದರಲ್ಲಿ ತಂಬೂರಿ ಕೇಳಿ' ಎಂದು ಫೋನಿಗೆ ಸಣ್ಣದೊಂದು ಡಾಂಗಲ್ (ಚಾರ್ಜಿಂಗ್ ಕಿಂಡಿಗೆ ಹಾಕುವ ಹೆಡ್‌ಫೋನ್ ಅಡಾಪ್ಟರ್) ಸಿಕ್ಕಿಸಿ ಕೊಟ್ಟ. ಕಳೆದುಹೋಗಿದೆ ಅಂದುಕೊಂಡಿದ್ದ ಆ ಝೇಂಕಾರ ಪೂರ್ತಿ ಅಲ್ಲೇ ಇತ್ತು. ವಾಪಸ್ ಕೊಡುತ್ತೀಯಾ ಎಂದು ಕೇಳಿದೆ. ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ.

ಆ ಪರೀಕ್ಷೆಯೇ ತಪ್ಪು. ಒಂದು ಆಂಪ್ ಎಚ್‌ಡಿ 650ಗೆ ಚೆನ್ನಾಗಿದೆ ಅಂದರೆ ಅದು ಎಚ್‌ಡಿ 650ಗೆ ಚೆನ್ನಾಗಿದೆ ಅಂತ ಮಾತ್ರ. ಆರ್ಮೇಚರ್ ಇಯರ್‌ಫೋನಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಯಾಕೆ ಅಂತೀರಾ? ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯದ ಒಂದು ಸಂಖ್ಯೆ ಇದೆ: ಔಟ್‌ಪುಟ್ ಇಂಪೀಡೆನ್ಸ್. ಆಂಪಿನ ಒಳಗಿನಿಂದ ಜ್ಯಾಕ್‌ವರೆಗೆ ಇರುವ ತಡೆ ಅದು. ಓವರ್‌ಹೆಡ್ ಟ್ಯಾಂಕಿನಿಂದ ಬರುವ ಪೈಪು ಕಿರಿದಾಗಿದ್ದರೆ, ನಲ್ಲಿ ಜಾಸ್ತಿ ತೆರೆದಷ್ಟೂ ಒತ್ತಡ ಬೀಳುತ್ತದೆ ಅಲ್ವಾ? ಹಾಗೆಯೇ ಹೆಡ್‌ಫೋನ್ ಜಾಸ್ತಿ ಕರೆಂಟ್ ಎಳೆಯುವ ಕಡೆ ವೋಲ್ಟೇಜ್ ಬೀಳುತ್ತದೆ. ಕೆಲವು ತಯಾರಕರು ಕೇಬಲ್‌ನಿಂದಾಗಿ ಆಂಪ್ ಅಸ್ಥಿರವಾಗದಿರಲಿ, ಶಾರ್ಟ್ ಆದರೂ ಸುಟ್ಟುಹೋಗದಿರಲಿ ಎಂದು ಜ್ಯಾಕ್‌ಗೆ ಮೊದಲು ಒಂದು ರೆಸಿಸ್ಟರ್ ಕೂರಿಸುತ್ತಾರೆ. ನನ್ನದರಲ್ಲಿ ಅದೇ ಆಗಿತ್ತು. ಅಳೆದು ನೋಡಿದಾಗ ಸುಮಾರು 10 ಓಮ್ ಬಂತು.

ನನ್ನ ಇಯರ್‌ಫೋನಿನ ಇಂಪೀಡೆನ್ಸ್ ಗ್ರಾಫನ್ನು ಆಮೇಲೆ ಹುಡುಕಿ ನೋಡಿದೆ. ಕೆಳಗಿನ ಸ್ವರಗಳಲ್ಲಿ 30 ಓಮ್, 6,000 ಹರ್ಟ್ಜ್ ಹತ್ತಿರ ಬರೀ 8 ಓಮ್. ಒಂದಕ್ಕಿಂತ ಹೆಚ್ಚು ಆರ್ಮೇಚರ್ ಮತ್ತು ಕ್ರಾಸೋವರ್ ಇದ್ದಾಗ ಇಂಪೀಡೆನ್ಸ್ ಹೀಗೆ ಏರಿಳಿಯುವುದು ಸಾಮಾನ್ಯ. 10 ಓಮ್‌ನ ಆಂಪಿಗೆ ಸಿಕ್ಕಿಸಿದಾಗ 30 ಓಮ್ ಇರುವ ಕಡೆ ನಾಲ್ಕರಲ್ಲಿ ಮೂರು ಪಾಲು ವೋಲ್ಟೇಜ್ ಇಯರ್‌ಫೋನಿಗೆ ಸಿಗುತ್ತದೆ. 8 ಓಮ್ ಇರುವ ಕಡೆ ಅರ್ಧವೂ ಸಿಗುವುದಿಲ್ಲ. ಡೆಸಿಬೆಲ್‌ನಲ್ಲಿ ಹೇಳುವುದಾದರೆ ಬೇಸ್‌ಗಿಂತ ಟ್ರೆಬಲ್ ಸುಮಾರು 4.5 ಡೆಸಿಬೆಲ್ ಕೆಳಗೆ ಹೋಯಿತು. ಅದೇ ಆಂಪಿನ ಔಟ್‌ಪುಟ್ 1 ಓಮ್ ಆಗಿದ್ದರೆ ವ್ಯತ್ಯಾಸ 1 ಡೆಸಿಬೆಲ್ ಕೂಡ ಆಗುತ್ತಿರಲಿಲ್ಲ. ತಂಬೂರಿಯ ಝೇಂಕಾರ ಹೋದದ್ದು ಅಲ್ಲಿ.

ಎಚ್‌ಡಿ 650 ಯಾಕೆ ಬಚಾವಾಯಿತು? ಅದು 300 ಓಮ್. ಬೇಸ್‌ನಲ್ಲಿ ಒಂದು ಕಡೆ 500 ಓಮ್ ಹತ್ತಿರಕ್ಕೂ ಏರುತ್ತದೆ. 300 ಇರಲಿ, 500 ಇರಲಿ, ಅದರ ಮುಂದೆ 10 ಓಮ್ ಲೆಕ್ಕಕ್ಕೇ ಬರುವುದಿಲ್ಲ. ಎರಡರ ನಡುವಿನ ವ್ಯತ್ಯಾಸ 0.1 ಡೆಸಿಬೆಲ್ ಸುತ್ತಮುತ್ತ, ಯಾರ ಕಿವಿಗೂ ಗೊತ್ತಾಗದಷ್ಟು. ಒಂದೇ ದೋಷ, ಒಂದರಲ್ಲಿ ಎದ್ದು ಕಂಡಿತು, ಇನ್ನೊಂದರಲ್ಲಿ ಮುಚ್ಚಿಹೋಯಿತು. ನಾನು ಮುಚ್ಚಿಹೋದ ಕಡೆ ಪರೀಕ್ಷೆ ಮಾಡಿ, ಎದ್ದು ಕಂಡದ್ದಕ್ಕೆ ಶಿಕ್ಷೆ ಕೊಟ್ಟೆ.

ಈಗ ನಿಮ್ಮ ಎಸ್‌ಇ846ಗೆ ಬನ್ನಿ. ಅದರಲ್ಲೂ ನಾಲ್ಕು ಆರ್ಮೇಚರ್. ಇಂಪೀಡೆನ್ಸ್ 9 ಓಮ್ ಮಾತ್ರ. ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನ ಇಂಪೀಡೆನ್ಸಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು ಎಂಬುದು ರೂಢಿಯ ಲೆಕ್ಕ. ಅಂದರೆ ನಿಮಗೆ 1 ಓಮ್ ಒಳಗೇ ಬೇಕು. ಅದರ ಸೂಕ್ಷ್ಮತೆ 1 ಮಿಲಿವ್ಯಾಟ್‌ಗೆ 114 ಡೆಸಿಬೆಲ್. 9 ಓಮ್‌ನಲ್ಲಿ 1 ಮಿಲಿವ್ಯಾಟ್ ಅಂದರೆ 0.1 ವೋಲ್ಟ್ ಕೂಡ ಇಲ್ಲ. 80 ಡೆಸಿಬೆಲ್‌ನಲ್ಲಿ ಕೇಳುವುದಕ್ಕೆ ಸುಮಾರು 2 ಮಿಲಿವೋಲ್ಟ್ ಸಾಕು! ಇದಕ್ಕೆ 500 ಮಿಲಿವ್ಯಾಟ್ ಯಾಕೆ ಬೇಕು ಹೇಳಿ? ಅಂಥ ಆಂಪಿನ ಸ್ವಂತ ಸದ್ದು 10 ಮೈಕ್ರೋವೋಲ್ಟ್ ಇದ್ದರೂ ಈ ಇಯರ್‌ಫೋನಿನಲ್ಲಿ ಅದು 34 ಡೆಸಿಬೆಲ್ ಆಗುತ್ತದೆ. ರಾತ್ರಿ ಮನೆಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಜೊತೆಗೆ ವಾಲ್ಯೂಮ್ ಗುಂಡಿ ಶುರುವಿನಲ್ಲೇ ನಿಲ್ಲಬೇಕು, ಅಲ್ಲಿ ಎಷ್ಟೋ ಗುಂಡಿಗಳಲ್ಲಿ ಎಡ ಬಲ ಸಮ ಇರುವುದಿಲ್ಲ. ಸದ್ದು ಕಡಿಮೆ ಮಾಡಲು ಮಧ್ಯೆ ರೆಸಿಸ್ಟರ್ ಇರುವ ಅಡಾಪ್ಟರ್ ಹಾಕಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ನನ್ನ ಆಂಪಿನಲ್ಲಿದ್ದ ಕಾಯಿಲೆಯನ್ನೇ ದುಡ್ಡು ಕೊಟ್ಟು ತಂದಂತೆ.

ಎಚ್‌ಡಿ 650ರ ಬಗ್ಗೆ 'ಆಂಪ್ ಇಲ್ಲದೆ ಅದು ಓಡುವುದೇ ಇಲ್ಲ' ಎಂದು ನೀವು ಬರೆದಿರುವುದನ್ನೂ ನಾನು ಒಪ್ಪುವುದಿಲ್ಲ. ಅದಕ್ಕೆ 1 ವೋಲ್ಟ್ ಕೊಟ್ಟರೆ 103 ಡೆಸಿಬೆಲ್ ಬರುತ್ತದೆ, ಖರ್ಚಾಗುವುದು ಬರೀ 3.3 ಮಿಲಿವ್ಯಾಟ್. ಅದು ಕೇಳುವುದು ವೋಲ್ಟೇಜನ್ನು, ಕರೆಂಟನ್ನಲ್ಲ. ಜಾಹೀರಾತಿನ ಮಿಲಿವ್ಯಾಟ್‌ಗಳೆಲ್ಲ ಸಾಮಾನ್ಯವಾಗಿ 16 ಅಥವಾ 32 ಓಮ್‌ಗೆ ಹೇಳಿದವು. 32 ಓಮ್‌ಗೆ 500 ಮಿಲಿವ್ಯಾಟ್ ಅಂದರೆ 4 ವೋಲ್ಟ್. ಅದೇ 4 ವೋಲ್ಟ್ 300 ಓಮ್‌ಗೆ ಬಂದಾಗ 53 ಮಿಲಿವ್ಯಾಟ್. ಹಾಗಾಗಿ ಮಿಲಿವ್ಯಾಟ್ ಬಿಟ್ಟು ಎಷ್ಟು ವೋಲ್ಟ್ ಕೊಡುತ್ತದೆ ಎಂದು ಕೇಳಿ. 2 ವೋಲ್ಟ್ ಸಿಕ್ಕರೆ 109 ಡೆಸಿಬೆಲ್. ಕಡಿಮೆ ಮಟ್ಟದಲ್ಲಿ ಧ್ವನಿಮುದ್ರಣವಾದ ಹಳೆಯ ವೀಣೆ ಕಛೇರಿಗೂ ಅದು ಸಾಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಷ್ಟು ಕಡಿಮೆ ಬೇಕು ಎಂದು ನಿಮಗೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಎಚ್‌ಡಿ 650 ಓಪನ್ ಬ್ಯಾಕ್, ಅಂದರೆ ಅದರ ಹೊರಬದಿ ಮುಚ್ಚಿಲ್ಲ. ಬಿಎಂಟಿಸಿ ಬಸ್ಸಿನಲ್ಲಿ ಅದನ್ನು ಹಾಕಿಕೊಂಡರೆ ಹಾರ್ನ್ ಎಲ್ಲ ಒಳಗೆ ಬರುತ್ತದೆ, ನಿಮ್ಮ ಹಾಡು ಪಕ್ಕದವರಿಗೆ ಕೇಳುತ್ತದೆ. ಅದು ಮನೆಯಲ್ಲಿ ಕೂತು ಕೇಳುವ ಹೆಡ್‌ಫೋನ್. ಅದಕ್ಕೆ 'ಪೋರ್ಟಬಲ್' ಎಂಬ ಷರತ್ತೇ ಬೇಡ. ಮೇಜಿನ ಮೇಲೆ ಇಡುವ ಸಾದಾ ಆಂಪ್ ತೆಗೆದುಕೊಳ್ಳಿ, ಅದೇ ದುಡ್ಡಿಗೆ ಬ್ಯಾಟರಿಯ ತಲೆನೋವಿಲ್ಲದೆ ಜಾಸ್ತಿ ವೋಲ್ಟೇಜ್ ಸಿಗುತ್ತದೆ. ಇಯರ್‌ಫೋನ್‌ಗೆ ಒಳ್ಳೆಯ ಡಾಂಗಲ್ ಸಾಕು. ಆಪಲ್‌ನ ಟೈಪ್-ಸಿ ಡಾಂಗಲ್‌ನ ಔಟ್‌ಪುಟ್ ಇಂಪೀಡೆನ್ಸ್ 1 ಓಮ್ ಆಸುಪಾಸು, ಹಿಂದಿನ 'ಸ್‌ಸ್‌ಸ್' ಸದ್ದೂ ಕಡಿಮೆ. ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದರ ವಾಲ್ಯೂಮ್ ಪೂರ್ತಿ ತೆರೆಯುವುದಿಲ್ಲ, ಆದರೆ ಎಸ್‌ಇ846ಗೆ ಅದರಿಂದ ತೊಂದರೆಯೇ ಇಲ್ಲ.

ಇಷ್ಟಾದ ಮೇಲೂ ಒಂದೇ ಆಂಪ್ ಬೇಕು ಅಂದರೆ: ಔಟ್‌ಪುಟ್ 1 ಓಮ್ ಒಳಗೆ, 2 ವೋಲ್ಟ್‌ಗಿಂತ ಮೇಲೆ, ಲೋ ಗೇನ್ ಸ್ವಿಚ್ (ಆಂಪ್ ಸಿಗ್ನಲ್ ಹೆಚ್ಚಿಸುವ ಪ್ರಮಾಣ ತಗ್ಗಿಸುವುದು) ಕಡ್ಡಾಯ. 4.4 ಮಿಮೀ ಬ್ಯಾಲೆನ್ಸ್ಡ್ ಜ್ಯಾಕ್ (ಒಂದೊಂದು ಕಿವಿಗೂ ಎರಡು ಆಂಪ್ ಸರ್ಕ್ಯೂಟ್ ಇರುವುದು) ಎಚ್‌ಡಿ 650ಗೆ ಮಾತ್ರ ಬಳಸಿ, ಯಾಕೆಂದರೆ ಅಲ್ಲಿ ಔಟ್‌ಪುಟ್ ಇಂಪೀಡೆನ್ಸ್ ಸಾಮಾನ್ಯವಾಗಿ ಎರಡು ಪಟ್ಟಾಗುತ್ತದೆ. ಔಟ್‌ಪುಟ್ ಇಂಪೀಡೆನ್ಸ್ ಎಷ್ಟು ಎಂದು ಎಲ್ಲೂ ಬರೆಯದ ಆಂಪನ್ನು ನಾನಂತೂ ಕೊಳ್ಳುವುದಿಲ್ಲ.

ಈಗಾಗಲೇ ಆರ್ಡರ್ ಹಾಕಿದ್ದರೆ ಮನೆಯಲ್ಲೇ ಅಳೆಯಬಹುದು. ಎಸಿ ವೋಲ್ಟೇಜನ್ನು ಮಿಲಿವೋಲ್ಟ್‌ವರೆಗೆ ತೋರಿಸುವ ಮಲ್ಟಿಮೀಟರ್ ಮತ್ತು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌.ಪಿ. ರೋಡಿನಲ್ಲಿ ಚಿಲ್ಲರೆಗೆ ಸಿಗುವ 33 ಓಮ್ ರೆಸಿಸ್ಟರ್ ಸಾಕು. ಇಯರ್‌ಫೋನ್ ಬಿಚ್ಚಿಡಿ. ಫೋನಿನಲ್ಲಿ 50 ಹರ್ಟ್ಜ್ ಟೋನ್ ಹಾಕಿ, ಅಗ್ಗದ ಮೀಟರ್‌ಗಳು ಎಸಿ ವೋಲ್ಟೇಜನ್ನು ಸರಿಯಾಗಿ ತೋರಿಸುವುದು ಆ ಆಸುಪಾಸಿನಲ್ಲೇ. ಜ್ಯಾಕ್‌ನಲ್ಲಿ ಏನೂ ಇಲ್ಲದಾಗ 0.5 ವೋಲ್ಟ್ ಬರುವ ಹಾಗೆ ವಾಲ್ಯೂಮ್ ಇಡಿ. ವಾಲ್ಯೂಮ್ ಮುಟ್ಟದೆ ಒಂದು ಚಾನೆಲ್‌ಗೂ ಗ್ರೌಂಡ್‌ಗೂ ನಡುವೆ ರೆಸಿಸ್ಟರ್ ಹಿಡಿದು ಮತ್ತೆ ಓದಿ. ಮೊದಲ ಓದನ್ನು ಎರಡನೆಯದರಿಂದ ಭಾಗಿಸಿ, ಒಂದು ಕಳೆದು, 33ರಿಂದ ಗುಣಿಸಿ. ನನ್ನ ಆಂಪ್ 0.5ರಿಂದ 0.384ಕ್ಕೆ ಇಳಿದಿತ್ತು, ಲೆಕ್ಕ 10 ಓಮ್ ಬಂತು. ನಿಮ್ಮದು 0.485ಕ್ಕಿಂತ ಕೆಳಗೆ ಇಳಿದರೆ ಔಟ್‌ಪುಟ್ 1 ಓಮ್ ದಾಟಿದೆ ಎಂದು ಅರ್ಥ. ರಿಟರ್ನ್ ಅವಧಿ ಮುಗಿಯುವ ಮೊದಲೇ ವಾಪಸ್ ಕಳಿಸಿ.