ಡಿಪಿಎಫ್ ತೆಗೆಸಿಬಿಡಲಾ?

ಪ್ರಶ್ನೆ: ನನ್ನದು 2021ರ ಡೀಸೆಲ್ ಕಾರು. ಓಡಾಟವೆಲ್ಲ ಕೋಲಾರದ ಪೇಟೆಯೊಳಗೇ, ಮಗಳ ಶಾಲೆ, ಅಂಗಡಿ, ಅಷ್ಟೇ. ಆಗಾಗ ಡಿಪಿಎಫ್ (ಡೀಸೆಲ್ ಹೊಗೆಯ ಫಿಲ್ಟರ್) ದೀಪ ಹತ್ತುತ್ತದೆ, ಪಿಕಪ್ಪೂ ಕಮ್ಮಿ. ಮೆಕ್ಯಾನಿಕ್ ಅದನ್ನು ಕಿತ್ತು ಹಾಕಿಸಿ ಅನ್ನುತ್ತಾರೆ. ಮಾಡಿಸಲಾ?

ಉತ್ತರ: ಬೇಡ ಸಾರ್. ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್ ಅದು. 2020ರ ಏಪ್ರಿಲ್ 1ರಿಂದ ಬಿಎಸ್-6 ಅನ್ನುವ ಹೊಗೆ ನಿಯಮ ಬಂತಲ್ಲ, ಆಗ ಡೀಸೆಲ್ ಕಾರು ಉಗುಳಬಹುದಾದ ಕಣಗಳ ಮಿತಿ ಕಿಲೋಮೀಟರಿಗೆ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು, ಅದಕ್ಕೇ ಈ ಫಿಲ್ಟರ್ ಬೇಕಾಯಿತು. ಫಿಲ್ಟರ್ ತುಂಬಿದಾಗ ಎಂಜಿನ್ನೇ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು, ಸುಮಾರು 600 ಡಿಗ್ರಿ ಕಾವು ತಂದು, ಮಸಿಯನ್ನು ಸುಡುತ್ತದೆ. ಅಷ್ಟರಲ್ಲಿ ನೀವು ಶಾಲೆ ಮುಂದೆ ಆಫ್ ಮಾಡಿರುತ್ತೀರಿ, ಅಲ್ವಾ? ಕೆಲಸ ಅರ್ಧಕ್ಕೇ ನಿಂತು, ಸುಡದ ಡೀಸೆಲ್ ಎಂಜಿನ್ ಆಯಿಲ್‌ಗೂ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಏರಿದ್ದರೆ ಬೇಗ ಬದಲಿಸಿ.

ದೀಪ ಹತ್ತಿದರೆ ಮುಳಬಾಗಿಲು ಕಡೆ ಹೈವೇ ಹಿಡಿದು, 2000 ಆರ್‌ಪಿಎಂ ಮೇಲಿಟ್ಟು, 20 ನಿಮಿಷ ನಿಲ್ಲಿಸದೆ ಓಡಿಸಿ. ಆಮೇಲೂ ಆರದಿದ್ದರೆ, ಇಲ್ಲವೇ ಎಂಜಿನ್ ದೀಪವೂ ಹತ್ತಿದರೆ ಸರ್ವಿಸ್ ಸೆಂಟರ್‌ಗೆ ಹೋಗಿ, ಕಂಪ್ಯೂಟರ್ ಜೋಡಿಸಿ ಅಲ್ಲೇ ಮಸಿ ಸುಡಿಸುತ್ತಾರೆ. ಕಿತ್ತು ಹಾಕಿಸುವುದು ಕಾನೂನಿಗೆ ವಿರುದ್ಧ, ಹೊಗೆ ಕುಡಿಯುವವರೂ ನಿಮ್ಮೂರಿನವರೇ. ಮುಂದಿನ ಕಾರು ಪೆಟ್ರೋಲಿನದ್ದೇ ತಗೊಳ್ಳಿ, ಇಷ್ಟು ಓಡಾಟಕ್ಕೆ ಡೀಸೆಲ್ ಸುಮ್ನೆ ದಂಡ.