ಹಿತ್ತಲ ಜೇನಿಗೆ ಔಷಧ ಬೇಕೇ?

ಪ್ರಶ್ನೆ: ಹಿತ್ತಲದಾಗ ನುಗ್ಗಿ, ಲಿಂಬಿ ಗಿಡ ಅದಾವ್ರಿ. ಔಷಧ, ಸಕ್ಕರಿ ಪಾಕ ಇಲ್ಲದ ಜೇನು ಸಾಕಬೇಕಂತ ಆಸೆ. ಹೆಂಗ ಶುರು ಮಾಡ್ಲಿ?
– ಗೃಹಿಣಿ, ಜಮಖಂಡಿ

ಉತ್ತರ: ಖಂಡಿತ ಮಾಡ್ರಿ ಅಕ್ಕಾರ. ಪೆಟ್ಟಿಗೆಗೆ ಒಗ್ಗುವುದು ತುಡುವೆ ಜೇನು. ಹೆಜ್ಜೇನು, ಕೋಲುಜೇನು ಬಯಲಲ್ಲಿ ಒಂದೇ ಎರಿ (ಮೇಣದ ತಟ್ಟಿ) ಕಟ್ಟುವಂಥವು, ಅವನ್ನು ಕೆಣಕಬೇಡಿ. ಮರದ ಪೆಟ್ಟಿಗೆಯೊಳಗೆ ಜೇನುಮೇಣ ಸವರಿ ಇಟ್ಟರೆ ಪಾಲಾಗಿ ಬಂದ ಕುಟುಂಬ ತಾನಾಗಿ ಸೇರಬಹುದು. ಮಲೆನಾಡಿನಿಂದ ತಂದದ್ದಕ್ಕಿಂತ ನಮ್ಮ ಬಿಸಿಲುಂಡ ಕುಟುಂಬವೇ ನನಗೆ ಮೆಚ್ಚು.

ನಮ್ಮ ಕಡೆ ದೊಡ್ಡ ಶತ್ರು ಆ ಬಿಸಿಲೇ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟಿದಾಗ ಮೇಣ ಮೆತ್ತಗಾಗಿ ಎರಿ ಕಳಚುತ್ತದೆ, ನೀರು ಸಿಗದಿದ್ದರೆ ಇಡೀ ಕುಟುಂಬ ಹಾರಿಹೋಗುತ್ತದೆ. ಬೇವಿನ ನೆರಳಲ್ಲಿಡಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಪಕ್ಕದಲ್ಲಿ ಬೋಗುಣಿ ನೀರು, ಅದರಲ್ಲಿ ಕೂತು ಕುಡಿಯಲು ನಾಲ್ಕು ಕಲ್ಲು. ಸ್ಟ್ಯಾಂಡಿನ ಕಾಲುಗಳು ನೀರಿನ ಬಟ್ಟಲಲ್ಲಿ ನಿಂತರೆ ಇರುವೆ ಹತ್ತುವುದಿಲ್ಲ. ಎರಿ ಹಾಳುಮಾಡುವ ಮೇಣದ ಪತಂಗಕ್ಕೂ ಔಷಧ ಬೇಡ. ಖಾಲಿ ಹಳೆ ಎರಿ ತೆಗೆದು ತಳ ಗುಡಿಸಿ.

ಹಿಂಗಾರಿ ಸೂರ್ಯಕಾಂತಿ, ಕುಸುಬಿ ಹೂಬಿಟ್ಟಾಗ ಜೇನು ತುಂಬುತ್ತದೆ. ಮೊದಲ ವರ್ಷ ಒಂದು ಹನಿಯೂ ತೆಗೆಯಬೇಡಿ, ಬೇಸಿಗೆಗೆ ಅದೇ ಅವುಗಳ ಬುತ್ತಿ. ಪಕ್ಕದ ಹೊಲದವರು ಹೂವಿನ ಹೊತ್ತಲ್ಲಿ ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆಯಲೇಬೇಕಾದರೆ ಸಂಜೆ ಹೊಡೆಯಲಿ ಅಂತ ಈಗಲೇ ಕೇಳಿಕೊಳ್ಳಿ.